ಮೂರು ಸೆಂಟಿಮೀಟರ್ ಕೆಳಗೆ

ನಾನು ಇಇಜಿ ಟೆಕ್ನಿಷಿಯನ್. ತಲೆ, ಕಿವಿ ಸೇರಿ 21 ಕಡೆ ಎಲೆಕ್ಟ್ರೋಡ್ ಅಂಟಿಸಿ ಮಿದುಳಿನ ಅಲೆಗಳನ್ನು ದಾಖಲಿಸುತ್ತೇನೆ. ಅಂಟಿಸುವ ಜಾಗ ಕಣ್ಣಂದಾಜಿನದಲ್ಲ, ಟೇಪು ಹಿಡಿದು ಅಳೆಯಬೇಕು. ಆ ಅಳತೆ ನಿಂತಿರುವುದು ಬುರುಡೆಯ ಗುರುತುಗಳ ಮೇಲೆ.

ಮುಂದಿನ ಗುರುತು ನೇಸಿಯನ್. ಹಣೆಯಿಂದ ಮೂಗಿನತ್ತ ಬೆರಳು ಜಾರಿಸಿದರೆ ಕಣ್ಣುಗಳ ನಡುವೆ ಒಂದು ತಗ್ಗು ಸಿಗುತ್ತದಲ್ವಾ, ಅದೇ. ಹಣೆಯ ಎಲುಬಿಗೆ ಮೂಗಿನ ಎರಡು ಪುಟ್ಟ ಎಲುಬುಗಳು ಕೂಡುವ ಜಾಗ. ಪಕ್ಕದವು ಕಿವಿಯ ಮುಂದೆ ಇವೆ. ಬಾಯಿ ತೆರೆಸಿದರೆ ದವಡೆಯ ಕೀಲು ಬೆರಳಡಿ ಆಡುತ್ತದೆ, ಅವನ್ನು ಹುಡುಕುವುದು ಸುಲಭ.

ಕಾಡುವುದು ಹಿಂದಿನದು, ಇನಿಯನ್. ಹಿಂದಲೆಯ ಎಲುಬಿನ ನಟ್ಟನಡುವಿನ ಉಬ್ಬು. ಕೆಲವು ಗಂಡಸರಲ್ಲಿ ಗಂಟಿನಂತೆ ಕೈಗೆ ತಾಗುತ್ತದೆ. ಹೆಂಗಸರು, ಮಕ್ಕಳಲ್ಲಿ ಎಷ್ಟೋ ಸಲ ಸಪಾಟು.

ಕೆಲಸಕ್ಕೆ ಸೇರಿದ ಹೊಸತು. ದಟ್ಟ ಕೂದಲಿನ ಒಬ್ಬ ಮಹಿಳೆ ಬಂದಿದ್ದರು. ಉಬ್ಬು ಸಿಗಲಿಲ್ಲ. ಸುಮ್ನೆ ಕತ್ತಿನ ಹತ್ತಿರ ಒಂದು ಕಡೆ ಟೇಪು ಒತ್ತಿದೆ, ನೇಸಿಯನ್‌ನಿಂದ ನೆತ್ತಿಯ ಮೇಲೆ ಹಾದು ಅಲ್ಲಿಗೆ 39 ಸೆಂಟಿಮೀಟರ್ ಬಂತು. ದಾಖಲೆ ಶುರುವಾದರೆ ಹಿಂದಲೆಯ ಎಲೆಕ್ಟ್ರೋಡ್‌ಗಳ ಎರಡೂ ಚಾನೆಲ್‌ಗಳಲ್ಲಿ, ಅಂದರೆ ಪರದೆಯ ಗೆರೆಗಳಲ್ಲಿ, ಕಪ್ಪಗೆ ಗೀಚಿದಂತೆ ಸ್ನಾಯುವಿನ ಗದ್ದಲ. ಕಣ್ಣು ಮುಚ್ಚಿಸಿದಾಗ ಅಲ್ಲೇ ಚೆನ್ನಾಗಿ ಕಾಣಬೇಕಾದ ಆಲ್ಫಾ ಎಂಬ ಮಿದುಳಿನ ಅಲೆ ಅದರಲ್ಲಿ ಮುಳುಗಿಹೋಗಿತ್ತು. "ಕತ್ತು ಸಡಿಲ ಬಿಡಿ ಅಮ್ಮಾ" ಅಂತ ನಾಲ್ಕು ಸಲ ಹೇಳಿದೆ. ಪಾಪ, ಅವರು ಬಿಟ್ಟೇ ಇದ್ದರು!

ಸೀನಿಯರ್ ಮೇಡಂ ಬಂದು ಪರದೆ ನೋಡಲೇ ಇಲ್ಲ, ನೇರ ತಲೆಗೆ ಕೈ ಹಾಕಿದರು. ಮತ್ತೆ ಅಳೆದರೆ 36. ನನ್ನ ಗುರುತು ಮೂರು ಸೆಂಟಿಮೀಟರ್ ಕೆಳಗಿತ್ತು. ಹಿಂದಿನ ಎಲೆಕ್ಟ್ರೋಡ್ ಸಾಲು ಇನಿಯನ್‌ನಿಂದ ಒಟ್ಟು ಅಳತೆಯ ಶೇಕಡಾ 10ರಷ್ಟು ಮೇಲಿರಬೇಕು, ಅಂದರೆ 3.6. ನನ್ನದು ಬರೀ 0.9 ಮೇಲಿತ್ತು, ಕತ್ತಿನ ಸ್ನಾಯು ಎಲುಬಿಗೆ ಅಂಟುವ ಜಾಗದ ಪಕ್ಕದಲ್ಲೇ. ನಡುನೆತ್ತಿಯ ಎಲೆಕ್ಟ್ರೋಡ್ ಕೂಡ ಒಂದೂವರೆ ಸೆಂಟಿಮೀಟರ್ ಹಿಂದೆ ಸರಿದಿತ್ತು. ಹಣೆಯದು ಮಾತ್ರ ಮೂರೇ ಮಿಲಿಮೀಟರ್ ತಪ್ಪಿತ್ತು. ಹಾಗಾಗಿ ಎದುರಿನಿಂದ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತಿತ್ತು.

ಮೇಡಂ ಬೈಯಲಿಲ್ಲ. ನನ್ನ ಬೆರಳು ಹಿಡಿದು ಕತ್ತಿನ ನಡುಗೆರೆಯಲ್ಲಿಟ್ಟರು. ಆ ಮಹಿಳೆಗೆ ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಲು ಹೇಳಿದರು. ಸ್ನಾಯು ಮೆತ್ತಗಾಯಿತು. ಬೆರಳು ಮೇಲೇರಿಸುತ್ತಾ ಹೋದಂತೆ ಮೆತ್ತನೆಯದು ಮುಗಿದು ಗಟ್ಟಿ ಎಲುಬು ಸಿಕ್ಕಿತು. ಉಬ್ಬು ಅಂತ ಹೇಳುವಷ್ಟೇನಿಲ್ಲ, ಒಂದು ಸಣ್ಣ ಅಂಚು. "ಇಲ್ಲಿ ಪೆನ್ಸಿಲ್ ಹಾಕು" ಅಂದರು.

ಎಲ್ಲ ಕಿತ್ತು ಹೊಸದಾಗಿ ಅಂಟಿಸಲು ಮುಕ್ಕಾಲು ಗಂಟೆ ಹಿಡಿಯಿತು. ಆ ಮಹಿಳೆ ಕಣ್ಣು ಮುಚ್ಚಿದರು. ಹಿಂದಿನ ಚಾನೆಲ್‌ಗಳಲ್ಲಿ ಆಲ್ಫಾ ಸಾಲಾಗಿ ಹರಿಯಿತು.