ಝಾಕು ಮುಗಿಯಿತು, ಅಲೆಕ್ಸ್ ಅರ್ಧ, ಹುಡುಗ ಬಾಕಿ

ಝಾಕು ರೋಬೋ ಮಾಡೆಲ್‌ನ ಬಣ್ಣ, ಡ್ಯಾಮೇಜ್ ಎರಡೂ ಮುಗಿದವು. ಇನ್ನು ಹೊಳಪು ತೆಗೆಯುವ ಮ್ಯಾಟ್ ಕೋಟ್ ಒಂದೇ ಬಾಕಿ. ಮಳೆ ಹಿಡಿದಿದೆ, ಹಾಗಾಗಿ ಸ್ಪ್ರೇ ಕ್ಯಾನ್ ಮುಟ್ಟುತ್ತಿಲ್ಲ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಹೊಡೆದರೆ ಮೇಲೆಲ್ಲ ಬಿಳಿ ಮಬ್ಬು ಕೂತುಬಿಡುತ್ತದೆ. ಎರಡು ದಿನ ಬಿಸಿಲು ಬರಲಿ, ನೋಡೋಣ.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನಾನು ಮಾಡುತ್ತಿರುವುದು ‘ಗಂಡಮ್ 0080: ವಾರ್ ಇನ್ ದ ಪಾಕೆಟ್’ನ ಕೊನೆಯ ಕಾಳಗದ ಡಯೋರಾಮಾ, ಅಂದರೆ ಆ ದೃಶ್ಯದ ಪುಟ್ಟ ಮಾದರಿ. 1989ರಲ್ಲಿ ನೇರವಾಗಿ ವಿಡಿಯೋದಲ್ಲೇ ಬಂದ ಆರು ಕಂತಿನ ಜಪಾನಿ ಅನಿಮೇಷನ್ ಸರಣಿ ಅದು, ಮನುಷ್ಯರು ಒಳಗೆ ಕೂತು ಓಡಿಸುವ ದೈತ್ಯ ರೋಬೋಗಳ ಯುದ್ಧದ ಕತೆ. ನಿರ್ದೇಶಕ ಫುಮಿಹಿಕೊ ತಕಯಾಮಾ. ಗಂಡಮ್ ಹುಟ್ಟುಹಾಕಿದ ಯೋಶಿಯುಕಿ ತೊಮಿನೊ ಬಿಟ್ಟು ಬೇರೆಯವರು ನಿರ್ದೇಶಿಸಿದ ಮೊದಲ ಗಂಡಮ್ ಸರಣಿ. ಮುಂದೆ ಕತೆಯ ಕೊನೆಯನ್ನೂ ಹೇಳಿಬಿಡುತ್ತೇನೆ. ನೋಡದವರು ನೋಡಿಕೊಂಡು ಬನ್ನಿ, ಒಟ್ಟು ಮೂರು ಗಂಟೆಯೂ ಇಲ್ಲ.

ಝಾಕು

ಇದು ಬರ್ನಿಯ ಝಾಕು. ಬರ್ನಿಗೆ ಹತ್ತೊಂಬತ್ತು ವರ್ಷ, ಯುದ್ಧದ ಒಂದು ಪಕ್ಷವಾದ ಜಿಯಾನ್ ಸೈನ್ಯದ ಹೊಸ ಪೈಲಟ್. ಮೊದಲ ಕಂತಿನಲ್ಲೇ ಏಟು ತಿಂದು ಸೈಡ್ 6ರ ಕಾಡಿನಂಥ ಜಾಗದಲ್ಲಿ ಬೀಳುತ್ತಾನೆ. ಸೈಡ್ 6 ಈ ಯುದ್ಧದಲ್ಲಿ ಯಾರ ಕಡೆಗೂ ಸೇರದ ಬಾಹ್ಯಾಕಾಶ ಕಾಲನಿಗಳ ಗುಂಪು. ಅಲ್ಲಿ ಅವನಿಗೆ ಸಿಗುವವನು ಆಲ್ ಅನ್ನೋ ಶಾಲೆ ಹುಡುಗ. ಆಲ್‌ಗೆ ಯುದ್ಧ ಅಂದರೆ ಪ್ರಾಣ. ರೋಬೋ ಹಾರಿದ್ದನ್ನು ವಿಡಿಯೋ ಮಾಡಿಕೊಳ್ಳುತ್ತಾನೆ. ಅವನ ಶಾಲೆಯಲ್ಲಿ ಹುಡುಗರೆಲ್ಲ ಸೈನಿಕರ ಬ್ಯಾಡ್ಜು, ಗುಂಡಿನ ಚೂರು ಇಟ್ಟುಕೊಂಡು ಜಂಬ ಕೊಚ್ಚುತ್ತಾರೆ. (ಕಪಾಟಿನ ತುಂಬ ರೋಬೋ ಜೋಡಿಸಿಟ್ಟವನು ಈ ದೃಶ್ಯ ನೋಡಿ ನಗುವ ಹಾಗಿಲ್ಲ.)

ಬಿದ್ದ ಝಾಕುವನ್ನು ಕೊನೆಗೆ ಬರ್ನಿ, ಆಲ್ ಇಬ್ಬರೇ ಸೇರಿ ರಿಪೇರಿ ಮಾಡುತ್ತಾರೆ. ಅದಕ್ಕೇ ನಾನು ಇಡೀ ಮೈಗೆ ಒಂದೇ ಹಸಿರು ಹೊಡೆಯಲಿಲ್ಲ. ತೊಡೆಯ ಒಂದು ಪ್ಯಾನೆಲ್, ಭುಜದ ಒಂದು ಅಂಚು ಬೇರೆ ಹಸಿರು. ಸರಣಿಯಲ್ಲಿ ಹೀಗಿಲ್ಲ, ಇದು ನನ್ನ ಸ್ವಾತಂತ್ರ್ಯ. ಕಿತ್ತ ಬಣ್ಣಕ್ಕೆ ಸ್ಪಾಂಜಿನ ಚೂರು, ಗಾಢ ಕಂದು ಬಣ್ಣ. ಪೇಪರ್ ಮೇಲೆ ಒತ್ತಿ ಒತ್ತಿ ಬಣ್ಣ ಹೆಚ್ಚುಕಡಿಮೆ ಖಾಲಿಯಾದ ಮೇಲೇ ಮಾಡೆಲ್‌ಗೆ ತಾಗಿಸಬೇಕು.

ಜಾಸ್ತಿ ಹೊತ್ತು ತೆಗೆದುಕೊಂಡಿದ್ದು ಎದೆಯ ತೂತು. ಎದುರಾಳಿ ರೋಬೋ ಅಲೆಕ್ಸ್‌ನ ಬೀಮ್ ಸೇಬರ್, ಅಂದರೆ ಉರಿಯುವ ಬೆಳಕಿನ ಕತ್ತಿ, ಕಾಕ್‌ಪಿಟ್‌ಗೆ ನುಗ್ಗುವ ಜಾಗ ಅದು. ಬೀಮ್ ಸೇಬರ್ ಲೋಹವನ್ನು ಒಡೆಯುವುದಿಲ್ಲ, ಕರಗಿಸುತ್ತದೆ. ಡ್ರಿಲ್ ತೂತಿನ ಅಂಚು ಚೂಪಾಗಿ ಉಳಿದರೆ ಸುಳ್ಳು ಅಂತ ತಕ್ಷಣ ಗೊತ್ತಾಗುತ್ತದೆ. ಮೊದಲು ಎದೆಯ ತುಂಡಿನ ಒಳಗಿನಿಂದ ಅರ ಹಾಕಿ ಪ್ಲಾಸ್ಟಿಕ್ ತೆಳ್ಳಗೆ ಮಾಡಿದೆ. ಬೆಳಕಿಗೆ ಹಿಡಿದರೆ ಆಚೆ ಕಡೆ ಬೆರಳಿನ ನೆರಳು ಕಾಣುವಷ್ಟು. ಆಮೇಲೆ ಸೋಲ್ಡರಿಂಗ್ ಐರನ್ನಿನ ತುದಿಯನ್ನು ತಾಗಿಸದೆ, ಹತ್ತಿರ ಹಿಡಿದೆ. ಪ್ಲಾಸ್ಟಿಕ್ ಮೊದಲು ಹೊಳೆಯುತ್ತದೆ, ಆಮೇಲೆ ಅಂಚು ಒಳಕ್ಕೆ ಮುದುಡಿಕೊಳ್ಳುತ್ತದೆ. ಅಷ್ಟಕ್ಕೇ ನಿಲ್ಲಿಸಬೇಕು. ಕಿಟಕಿ ತೆರೆದಿರಲಿ, ಹೊಗೆ ಒಳ್ಳೆಯದಲ್ಲ.

ಆ ಕಾಕ್‌ಪಿಟ್‌ನಲ್ಲಿ ಬರ್ನಿ ಇದ್ದಾನೆ. ಕೆಲಸ ಮಾಡುವಾಗ ಅದು ತಲೆಯಲ್ಲಿ ಇದ್ದೇ ಇರುತ್ತದೆ.

ಅಲೆಕ್ಸ್

ಜಿಯಾನ್‌ನ ಶತ್ರು ಪಕ್ಷದ ಗಂಡಮ್ ರೋಬೋ ಇದು. 2004ರ ಎಚ್‌ಜಿ (ಹೈ ಗ್ರೇಡ್) ಕಿಟ್. ಹಳೆಯದಾದರೂ ಗಟ್ಟಿಮುಟ್ಟು. ಜೋಡಿಸಿ, ಸಂದಿಗೆ ಪ್ಲಾಸ್ಟಿಕ್ ಸಿಮೆಂಟ್ (ಅಂಟು) ತುಂಬಿ, 400 ಆಮೇಲೆ 800 ನಂಬರ್ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿದ್ದೇನೆ. ಬಣ್ಣ ಶುರುವಾಗಿಲ್ಲ. ತಲೆ ಬೇರೆ ಇಟ್ಟಿದ್ದೇನೆ, ಝಾಕುವಿನ ಹೀಟ್ ಹಾಕ್ (ಕಾದ ಕೊಡಲಿ) ಏಟಿಗೆ ಅದು ಹಾರಿಹೋಗುತ್ತದೆ.

ಇದರ ಜೊತೆ ಬರುವ ಚೋಭಮ್ ಆರ್ಮರ್ ಡಬ್ಬಿಯಲ್ಲೇ ಉಳಿಯುತ್ತದೆ. ಕೊನೆಯ ಕಾಳಗದಲ್ಲಿ ಅಲೆಕ್ಸ್ ಅದನ್ನು ತೊಟ್ಟಿರುವುದಿಲ್ಲ. ಹೆಸರು ನಿಜವಾದ ಬ್ರಿಟಿಷ್ ಟ್ಯಾಂಕ್ ಕವಚದ್ದು. ನಾಲ್ಕನೇ ಕಂತಿನಲ್ಲಿ ಬರ್ನಿಯ ತಂಡದ ಮೀಶಾ ತನ್ನ ಕೆಂಪ್ಫರ್ ರೋಬೋದಿಂದ ಅಲೆಕ್ಸ್‌ಗೆ ಮೈನ್‌ಗಳ ಸರಪಳಿ ಸುತ್ತಿ ಸಿಡಿಸುತ್ತಾನೆ. ಕವಚ ಪುಡಿಯಾಗುತ್ತದೆ, ಒಳಗಿನ ಅಲೆಕ್ಸ್‌ಗೆ ಏನೂ ಆಗಿರುವುದಿಲ್ಲ. ಮುಂಗೈ ಮುಚ್ಚಳ ತೆರೆದು ಗ್ಯಾಟ್ಲಿಂಗ್ ಗನ್ ಹೊರಬರುತ್ತದೆ, ಕೆಲವೇ ಕ್ಷಣದಲ್ಲಿ ಕೆಂಪ್ಫರ್ ಚಿಂದಿ. ಕಿಟ್‌ನಲ್ಲೂ ಆ ಮುಚ್ಚಳ ಇದೆ. ಅಂಗಡಿಯಲ್ಲಿ ಡಬ್ಬಿ ಕೈಗೆತ್ತಿಕೊಂಡವರು ಮೊದಲು ಕೇಳುವುದೇ ಅದನ್ನು!

ಗಂಡಮ್‌ನ ಹಳೇ ತಕರಾರೇ ಇದು. 1979ರ ಮೊದಲ ಸರಣಿಯನ್ನು ಟಿವಿಯಲ್ಲಿ ಯಾರೂ ಹೆಚ್ಚು ನೋಡಲಿಲ್ಲ, 43 ಕಂತಿಗೇ ಮುಗಿಸಿದರು. 1980ರಲ್ಲಿ ಆಟಿಕೆ ಕಂಪನಿ ಬಂಡೈ 300 ಯೆನ್‌ಗೆ ಪ್ಲಾಸ್ಟಿಕ್ ಕಿಟ್ ಬಿಟ್ಟ ಮೇಲೆ ಅದರ ನಸೀಬೇ ತಿರುಗಿತು. ಯುದ್ಧ ಬೇಡ ಅನ್ನುವ ಕತೆಗೆ ಅನ್ನ ಹಾಕಿದ್ದು ಯುದ್ಧದ ಆಟಿಕೆ. ‘ಹಾಗಾದರೆ ಇದೆಲ್ಲ ಬೂಟಾಟಿಕೆ ಅಲ್ವಾ’ ಅಂತ ಕೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. 0080ಕ್ಕೆ ಈ ವಿಷಯ ಚೆನ್ನಾಗಿ ಗೊತ್ತಿದೆ. ಆಟಿಕೆ ಇಷ್ಟಪಡುವ ಹುಡುಗನನ್ನೇ ಕತೆಯ ಮಧ್ಯಕ್ಕೆ ತಂದು ನಿಲ್ಲಿಸಿದೆ.

ಹುಡುಗ

ಡಯೋರಾಮಾದ ತಲೆನೋವು ಇಲ್ಲಿದೆ. ಅಲೆಕ್ಸ್ ಓಡಿಸುವವಳು ಕ್ರಿಸ್, ಆಲ್‌ನ ಪಕ್ಕದ ಮನೆಯ ಅಕ್ಕ. ಬರ್ನಿಗೂ ಅವಳಿಗೂ ಪರಿಚಯ, ಸ್ವಲ್ಪ ಒಲವೂ ಇದೆ. ಎದುರಿನ ರೋಬೋದಲ್ಲಿ ಯಾರಿದ್ದಾರೆ ಅಂತ ಇಬ್ಬರಿಗೂ ಗೊತ್ತಿಲ್ಲ. ಬರ್ನಿ ಹೋರಾಡುವುದು ಒಂದೇ ಕಾರಣಕ್ಕೆ. ಕ್ರಿಸ್‌ಮಸ್ ಒಳಗೆ ಅಲೆಕ್ಸ್ ನಾಶವಾಗದಿದ್ದರೆ ಅವನ ಕಡೆಯವರೇ ಕಾಲನಿ ಮೇಲೆ ಅಣುಬಾಂಬ್ ಹಾಕುತ್ತಾರೆ. ಓಡಿಹೋಗಲು ಹೊರಟವನು ವಾಪಸ್ ಬರುತ್ತಾನೆ. ಆದರೆ ಬಾಂಬ್ ತರುತ್ತಿದ್ದ ಹಡಗುಗಳು ಅಷ್ಟರಲ್ಲಿ ಸಿಕ್ಕಿಬಿದ್ದಿರುತ್ತವೆ. ಇನ್ನು ಹೊಡೆದಾಡಬೇಕಾಗಿಯೇ ಇಲ್ಲ. ಅದು ಗೊತ್ತಿರುವುದು ಆಲ್‌ಗೆ ಮಾತ್ರ. ಕೂಗುತ್ತ ಓಡುತ್ತಾನೆ, ಯಾರಿಗೂ ಕೇಳಿಸುವುದಿಲ್ಲ. ಬರ್ನಿ ಸಾಯುತ್ತಾನೆ. ಒಂದು ವಾರಕ್ಕೆ ಯುದ್ಧವೇ ಮುಗಿಯುತ್ತದೆ. ಮೊದಲ ಸರಣಿಯ ನಾಯಕ ಅಮುರೊ ರೇಗೆಂದು ತಯಾರಿಸಿದ ಅಲೆಕ್ಸ್ ಅವನ ಕೈ ಸೇರುವುದೇ ಇಲ್ಲ.

ರೋಬೋ ಎರಡನ್ನೇ ನಿಲ್ಲಿಸಿದರೆ ಇದ್ಯಾವುದೂ ಕಾಣಿಸುವುದಿಲ್ಲ. ಕೊಡಲಿ, ಕತ್ತಿ, ಹಾರುವ ತಲೆ. ನೋಡಿದವರು ‘ಸೂಪರ್ ಪೋಸ್’ ಅಂತಾರೆ. ಪೋಸ್ ಚೆನ್ನಾಗೇ ಇದೆ, ಅದೇ ತೊಂದರೆ.

ಹಾಗಾಗಿ ಹುಡುಗ ಬೇಕೇ ಬೇಕು. 1/144 ಅಳತೆಯಲ್ಲಿ ಝಾಕು ಸುಮಾರು 12 ಸೆಂ.ಮೀ., ಆಲ್ ಒಂದು ಸೆಂಟಿಮೀಟರೂ ಇಲ್ಲ. ಮಾಡೆಲ್ ರೈಲಿನ ಎನ್ ಗೇಜ್ ಬೊಂಬೆಗಳು ಹತ್ತಿರದ ಅಳತೆಯವು, ಆದರೆ ಎಲ್ಲವೂ ಪ್ಲಾಟ್‌ಫಾರ್ಮ್ ಮೇಲೆ ಸುಮ್ನೆ ನಿಂತಿರುತ್ತವೆ. ಅದಕ್ಕೇ ರನ್ನರ್ (ಕಿಟ್‌ನ ತುಂಡುಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಚೌಕಟ್ಟು) ಬಿಸಿ ಮಾಡಿ ಎಳೆದು, ಆ ಎಳೆಯಿಂದ ಕೈಕಾಲು ಮಾಡುತ್ತಿದ್ದೇನೆ. ಒಂದು ಕಾಲು ಆಗಿದೆ.

ನೆಲಕ್ಕೆ ಒಣಗಿಸಿದ ಕಾಫಿ ಚರಟ, ಮರಗಳಿಗೆ ಒಣ ಬೇರು. ಅದೇನೂ ಕಷ್ಟವಿಲ್ಲ. ಬೇಸ್ ಉದ್ದವೇ ತೀರ್ಮಾನವಾಗಿಲ್ಲ. 30 ಸೆಂ.ಮೀ. ಅಂದರೆ ಆ ಅಳತೆಯಲ್ಲಿ ಸುಮಾರು 43 ಮೀಟರ್. ಹುಡುಗನೊಬ್ಬ ಹತ್ತು ಸೆಕೆಂಡಿನೊಳಗೆ ಓಡಿ ಮುಟ್ಟಿಬಿಡಬಹುದಾದ ದೂರ. ನನಗೆ ಇನ್ನೂ ದೂರ ಬೇಕು. 45 ಸೆಂ.ಮೀ. ಮಾಡಿದರೆ 65 ಮೀಟರ್ ಆಗುತ್ತದೆ, ಆದರೆ ನಮ್ಮನೆ ಶೋಕೇಸ್‌ಗೆ ಹಿಡಿಸುವುದಿಲ್ಲ. ಮೂಲೆಯಿಂದ ಮೂಲೆಗೆ ಓರೆಯಾಗಿ ಇಟ್ಟು ನೋಡಬೇಕು. ಈ ವಾರ ಥರ್ಮಾಕೋಲ್ ಕತ್ತರಿಸಿ ಅದನ್ನೇ ಮಾಡುತ್ತೇನೆ.