ಮತ್ತೆ ಓಡಿಸಿದರೆ ಪಾಸ್

ಮಂಗಳವಾರ, 14 ಅಕ್ಟೋಬರ್ 2025

ಬಿಟ್‌ಕಾಯಿನ್ ಮೇಲೆ ನಡೆಯುವ ಲೈಟ್ನಿಂಗ್ ಅನ್ನುವ ಪಾವತಿ ಜಾಲದ ಸಾಫ್ಟ್‌ವೇರ್ ಬರೆಯುವುದು ನಮ್ಮ ಕೆಲಸ. ಇವತ್ತು ತಂಡದ ಒಬ್ಬರು ಕೋಡ್ ಕಾಮೆಂಟಿನಲ್ಲಿದ್ದ ಕಾಗುಣಿತದ ತಪ್ಪೊಂದನ್ನು ತಿದ್ದಿದರು. ಕೋಡ್ ಮುಟ್ಟಿಯೇ ಇಲ್ಲ. ಆದರೂ ಸಿಐ, ಅಂದರೆ ಪ್ರತಿ ಬದಲಾವಣೆಗೂ ಟೆಸ್ಟ್‌ಗಳನ್ನು ತಾನೇ ಓಡಿಸುವ ವ್ಯವಸ್ಥೆ, ಕೆಂಪಾಯಿತು. ಮೂರು ನೋಡ್‌ಗಳ (ಜಾಲದಲ್ಲಿ ಓಡುವ ಪ್ರೋಗ್ರಾಂಗಳ) ಪಾವತಿ ಟೆಸ್ಟ್ ಬಿದ್ದಿತ್ತು. ಮತ್ತೆ ಓಡಿಸಿದರು, ಹಸಿರಾಯಿತು, ಮುಖ್ಯ ಕೋಡ್‌ಗೆ ಮರ್ಜ್ ಆಯಿತು. ಯಾರೂ ಏನೂ ಕೇಳಲಿಲ್ಲ. ನನಗೆ ಜಾಸ್ತಿ ಭಯ ಆಗುವುದು ಈ ಕೇಳದೇ ಇರುವುದಕ್ಕೇ.

ಲೆಕ್ಕ ನೋಡಿ. ಒಂದೊಂದು ಟೆಸ್ಟೂ ನೂರಕ್ಕೆ ಒಂದು ಸಲ ಸುಮ್ನೆ ಬೀಳುತ್ತದೆ ಅಂತಿಟ್ಟುಕೊಳ್ಳಿ. ಅಂಥ 100 ಟೆಸ್ಟ್ ಇದ್ದರೆ, ಎಲ್ಲವೂ ಒಟ್ಟಿಗೆ ಪಾಸಾಗುವುದು ನೂರರಲ್ಲಿ ಸುಮಾರು 37 ಸಲ ಮಾತ್ರ. ಸಾವಿರಕ್ಕೆ ಒಂದಕ್ಕೆ ಇಳಿಸಿದರೂ 90ರ ಆಸುಪಾಸು. ಹಾಗಾಗಿ "ಅದು ಯಾವಾಗಲೋ ಒಮ್ಮೆ ಬೀಳುತ್ತೆ ಬಿಡಿ" ಅನ್ನುವ ಮಾತು ನಡೆಯುವುದಿಲ್ಲ.

ಲೈಟ್ನಿಂಗ್ ಗೊತ್ತಿಲ್ಲದವರಿಗೆ ಎರಡು ಮಾತು. ಇಬ್ಬರು ಸೇರಿ ಬಿಟ್‌ಕಾಯಿನ್ ಅನ್ನು ಜಂಟಿಯಾಗಿ ಬೀಗ ಹಾಕಿಡುತ್ತಾರೆ. ಅದೇ ಚಾನೆಲ್. ಆಮೇಲೆ ಯಾರ ಪಾಲು ಎಷ್ಟು ಅನ್ನುವುದನ್ನು ತಮ್ಮೊಳಗೇ ಸಹಿ ಹಾಕಿ ಬದಲಿಸಿಕೊಳ್ಳುತ್ತಾರೆ. ತೆರೆಯುವಾಗ, ಮುಚ್ಚುವಾಗ ಮಾತ್ರ ಬ್ಲಾಕ್‌ಚೈನ್ ಬೇಕು. ಪೂನ್ ಮತ್ತು ಡ್ರೈಜಾ 2016ರ ಪ್ರಬಂಧದಲ್ಲಿ ವಿವರಿಸಿದ್ದು ಇದನ್ನೇ. ಟೆಸ್ಟ್ ಮಾಡುವಾಗ ನಾವು ಬಿಟ್‌ಕಾಯಿನ್ ಕೋರ್ ಅನ್ನುವ ಬಿಟ್‌ಕಾಯಿನ್ ನೋಡ್ ಪ್ರೋಗ್ರಾಂ ಅನ್ನು ರೆಗ್‌ಟೆಸ್ಟ್‌ನಲ್ಲಿ, ಅಂದರೆ ಟೆಸ್ಟ್‌ಗೆಂದೇ ಇರುವ ಖಾಸಗಿ ಚೈನ್‌ನಲ್ಲಿ, ಓಡಿಸುತ್ತೇವೆ. ಅಲ್ಲಿ ಹತ್ತು ನಿಮಿಷ ಕಾಯುವ ಮಾತಿಲ್ಲ, ಕೇಳಿದಾಗ ಬ್ಲಾಕ್ (ವ್ಯವಹಾರಗಳ ಕಟ್ಟು) ಸಿಗುತ್ತದೆ.

ಇವತ್ತು ಬಿದ್ದ ಟೆಸ್ಟ್ ಹೀಗಿದೆ: ಆಲಿಸ್ ಬಾಬ್ ಮೂಲಕ ಕ್ಯಾರಲ್‌ಗೆ ಹಣ ಕಳಿಸುತ್ತಾಳೆ. ಪಾವತಿ ಯಶಸ್ವಿ ಅಂತ ಉತ್ತರ ಬರುತ್ತದೆ. ಮುಂದಿನ ಸಾಲಿನಲ್ಲೇ ಮೂವರ ಹತ್ತಿರ ಈಗ ಎಷ್ಟೆಷ್ಟು ಹಣ ಇದೆ ಅನ್ನುವ ಪರೀಕ್ಷೆ. ಕೆಲವು ಸಲ ಸರಿ ಇರುತ್ತದೆ, ಕೆಲವು ಸಲ ಹಣ ಇನ್ನೂ ನಡುವೆಯೇ ಇರುತ್ತದೆ.

ಇದರಲ್ಲಿ ನೋಡ್‌ನ ತಪ್ಪೇನೂ ಇಲ್ಲ. ದಾರಿಯಲ್ಲಿರುವ ಹಣಕ್ಕೆ ಎಚ್‌ಟಿಎಲ್‌ಸಿ ಅನ್ನುವ ಷರತ್ತು ಇರುತ್ತದೆ. ಗುಟ್ಟಿನ ಸಂಖ್ಯೆ ತೋರಿಸಿದರೆ ಹಣ ನಿನ್ನದು, ಇಂತಿಷ್ಟು ಬ್ಲಾಕ್‌ನೊಳಗೆ ತೋರಿಸದಿದ್ದರೆ ವಾಪಸ್ ನನ್ನದು. ಆ ಗುಟ್ಟು, ಅಂದರೆ ಪ್ರಿಇಮೇಜ್, ಆಲಿಸ್ ಕೈಗೆ ಬಂದ ಕೂಡಲೇ ಅವಳ ಮಟ್ಟಿಗೆ ಪಾವತಿ ಆಯಿತು. ಆದರೆ ಚಾನೆಲ್‌ನ ಲೆಕ್ಕದಿಂದ ಆ ಎಚ್‌ಟಿಎಲ್‌ಸಿ ಹೋಗಬೇಕಾದರೆ ಎರಡೂ ಕಡೆಯವರು ಹೊಸ ಸ್ಥಿತಿಗೆ ಸಹಿ ಕಳಿಸಬೇಕು, ಹಳೆಯದನ್ನು ರದ್ದು ಮಾಡಬೇಕು. ಆ ಸಂದೇಶಗಳ ಓಡಾಟ ಮುಗಿಯುವುದು "ಯಶಸ್ವಿ" ಅಂದ ಮೇಲೆ. ಟೆಸ್ಟ್ ಕೇಳಿದ್ದು ಒಂದು ಪ್ರಶ್ನೆ, ನಂಬಿಕೊಂಡಿದ್ದು ಇನ್ನೊಂದರ ಉತ್ತರ.

ಹಿಂದೆ ಯಾರೋ ಅಲ್ಲಿ 2 ಸೆಕೆಂಡ್ ಸ್ಲೀಪ್ (ಸುಮ್ಮನೆ ಕಾಯುವ ಸಾಲು) ಹಾಕಿದ್ದರು. ಆಮೇಲೆ ಇನ್ನೊಬ್ಬರು ಅದನ್ನು 5 ಮಾಡಿದ್ದರು. ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಅಷ್ಟು ಸಾಕು. ಸಿಐ ಯಂತ್ರದಲ್ಲಿ ಹತ್ತಾರು ನೋಡ್‌ಗಳು ಒಂದೇ ಡಿಸ್ಕ್‌ಗೆ ಮುಗಿಬಿದ್ದಾಗ ಸಾಲುವುದಿಲ್ಲ. ಇವತ್ತು ಸ್ಲೀಪ್ ಕಿತ್ತು ಹಾಕಿದೆ. ಎರಡೂ ಚಾನೆಲ್‌ಗಳ ಎರಡೂ ತುದಿಯಲ್ಲಿ ಬಾಕಿ ಎಚ್‌ಟಿಎಲ್‌ಸಿ ಸೊನ್ನೆ ಆಗುವ ತನಕ ಕೇಳುತ್ತಾ ಇರುವುದು, ಆದ ತಕ್ಷಣ ಮುಂದೆ ಹೋಗುವುದು. ಇಲ್ಲಿ ಟೈಮ್‌ಔಟ್ ಧಾರಾಳವಾಗಿ 60 ಸೆಕೆಂಡ್ ಇಟ್ಟರೂ ನಷ್ಟವಿಲ್ಲ, ಬೇಗ ಮುಗಿದರೆ ಬೇಗ ಬಿಡುತ್ತದೆ. ಟೈಮ್‌ಔಟ್ ಆದರೆ ಕೊನೆಗೆ ಕಂಡ ಸ್ಥಿತಿಯನ್ನೂ ಅಚ್ಚು ಹಾಕುವ ಹಾಗೆ ಮಾಡಿದೆ. ಬರೀ "ಸಮಯ ಮೀರಿತು" ಅಂತ ಲಾಗ್‌ನಲ್ಲಿ ಬಂದರೆ ಅದನ್ನು ಇಟ್ಟುಕೊಂಡು ಏನು ಮಾಡೋದು?

ಎಷ್ಟು ಕಾದರೂ ಸರಿಹೋಗದ ಜಾತಿಯೊಂದಿದೆ, ಅದು ಇನ್ನೂ ಮಜಾ. ನಮ್ಮಲ್ಲಿ ಬ್ಲಾಕ್ ತೆಗೆಯುವ (ಅಂದರೆ ಹೊಸ ಬ್ಲಾಕ್ ಮೈನ್ ಮಾಡುವ) ನೋಡ್ ಬೇರೆ, ಲೈಟ್ನಿಂಗ್ ನೋಡ್ ಮಾತಾಡುವ ಬಿಟ್‌ಕಾಯಿನ್ ನೋಡ್ ಬೇರೆ. ಖಾಸಗಿತನಕ್ಕಾಗಿ ಬಿಟ್‌ಕಾಯಿನ್ ಕೋರ್ ಹೊಸ ವ್ಯವಹಾರವನ್ನು ಪಕ್ಕದವರಿಗೆ ತಕ್ಷಣ ಹೇಳುವುದಿಲ್ಲ. ತಾನು ಸಂಪರ್ಕಿಸಿದವರಿಗೆ ಸರಾಸರಿ 2 ಸೆಕೆಂಡ್, ತನ್ನನ್ನು ಸಂಪರ್ಕಿಸಿದವರಿಗೆ ಸರಾಸರಿ 5 ಸೆಕೆಂಡ್ ತಡ ಮಾಡುತ್ತದೆ, ಅದೂ ಒಂದೊಂದು ಸಲ ಒಂದೊಂದು ಥರ. ಅಷ್ಟರೊಳಗೆ ಟೆಸ್ಟ್ 6 ಬ್ಲಾಕ್ ತೆಗೆದುಬಿಟ್ಟರೆ? ಚಾನೆಲ್ ತೆರೆಯುವ ವ್ಯವಹಾರ ಆ ಯಾವ ಬ್ಲಾಕ್‌ನಲ್ಲೂ ಇರುವುದಿಲ್ಲ. ರೆಗ್‌ಟೆಸ್ಟ್‌ನಲ್ಲಿ ತಾನಾಗಿ ಬ್ಲಾಕ್ ಬರುವುದಿಲ್ಲವಲ್ಲ, ಟೆಸ್ಟ್ ಕಾಯುತ್ತಲೇ ಕೂರುತ್ತದೆ. ಎರಡನೇ ಬ್ಲಾಕ್ ಆದಮೇಲೆ ವ್ಯವಹಾರ ಬಂದು ತಲುಪಿದರೆ ಇನ್ನೂ ಕಷ್ಟ. ಆಗ 4 ದೃಢೀಕರಣ ಸಿಗುತ್ತದೆ, ಅಂದರೆ ವ್ಯವಹಾರ ಇರುವ ಬ್ಲಾಕ್ ಸೇರಿ 4 ಬ್ಲಾಕ್. 3 ಸಾಕು ಅಂತ ಇಟ್ಟಿದ್ದರೆ ಚಾನೆಲ್ ತೆರೆಯುತ್ತದೆ, ಆದರೆ ಊರಿಗೆಲ್ಲ ಸಾರಲು 6 ಬೇಕು ಅನ್ನುವುದು ಲೈಟ್ನಿಂಗ್ ನಿಯಮ. ಆಮೇಲೆ ನೂರು ಸಾಲು ಕೆಳಗೆ "ದಾರಿ ಸಿಗಲಿಲ್ಲ" ಅಂತ ಟೆಸ್ಟ್ ಬೀಳುತ್ತದೆ. ನೋಡಿದವರು ಹೋಗಿ ದಾರಿ ಹುಡುಕುವ ಕೋಡ್ ಕೆದಕುತ್ತಾರೆ, ಪಾಪ.

ಪರಿಹಾರ ಸಿಂಪಲ್. ಬ್ಲಾಕ್ ತೆಗೆಯುವ ನೋಡ್‌ನ ಮೆಂಪೂಲ್‌ನಲ್ಲಿ (ಬ್ಲಾಕ್ ಸೇರಲು ಕಾಯುತ್ತಿರುವ ವ್ಯವಹಾರಗಳ ಪಟ್ಟಿಯಲ್ಲಿ) ಆ ವ್ಯವಹಾರ ಕಂಡ ಮೇಲೆಯೇ ಬ್ಲಾಕ್ ತೆಗೆಯಬೇಕು. ತೆಗೆದ ಬ್ಲಾಕ್‌ನಲ್ಲಿ ಅದು ಇದೆಯೇ ನೋಡಬೇಕು. ಎಲ್ಲ ನೋಡ್‌ಗಳೂ ಆ ಎತ್ತರಕ್ಕೆ ಬರುವ ತನಕ ಕಾಯಬೇಕು. ಇಷ್ಟನ್ನೂ ಒಂದೇ ಫಂಕ್ಷನ್‌ನಲ್ಲಿಟ್ಟು, ನೇರವಾಗಿ ಬ್ಲಾಕ್ ತೆಗೆಯುವುದನ್ನು ಟೆಸ್ಟ್‌ಗಳಿಗೆ ಬಂದ್ ಮಾಡಿದೆ. ಬಿಟ್‌ಕಾಯಿನ್ ಕೋರ್‌ನ ವೈಟ್‌ಲಿಸ್ಟ್‌ನಲ್ಲಿ (ನಂಬುವ ನೋಡ್‌ಗಳ ಪಟ್ಟಿಯಲ್ಲಿ) ಪಕ್ಕದ ನೋಡ್‌ಗೆ ನೋಬ್ಯಾನ್ ಅನ್ನುವ ಅನುಮತಿ ಕೊಟ್ಟರೆ ವ್ಯವಹಾರ ಹೇಳುವಾಗಿನ ಆ ತಡವೂ ಹೋಗುತ್ತದೆ, ಅದನ್ನೂ ಹಾಕಿದ್ದೇನೆ. ಅದು ವೇಗಕ್ಕೆ ಮಾತ್ರ. ಅದನ್ನು ನಂಬಿ ಕಾಯುವ ಸಾಲು ಅಳಿಸಬೇಡಿ ಅಂತ ಪಕ್ಕದಲ್ಲೇ ಬರೆದಿಟ್ಟೆ.

ಒಂದು ಚಿಕ್ಕದು. ಮೊದಲೇ ತಯಾರಿಸಿಟ್ಟ ಚೈನ್‌ನ ನಕಲಿನಿಂದ ಶುರುವಾಗುವ ಟೆಸ್ಟ್‌ಗಳು ಶುಕ್ರವಾರ ಪಾಸ್, ಸೋಮವಾರ ಫೇಲ್. ಕೊನೆಯ ಬ್ಲಾಕ್ 24 ಗಂಟೆಗಿಂತ ಹಳೆಯದಾದರೆ ಬಿಟ್‌ಕಾಯಿನ್ ಕೋರ್ ತನಗಿನ್ನೂ ಹೊಸ ಬ್ಲಾಕ್‌ಗಳು ಬಂದಿಲ್ಲ, ತಾನಿನ್ನೂ ಹಿಂದಿದ್ದೇನೆ ಅಂದುಕೊಳ್ಳುತ್ತದೆ. ಶುರುವಿನಲ್ಲೇ ಒಂದು ಹೊಸ ಬ್ಲಾಕ್ ತೆಗೆದರೆ ಮುಗಿಯಿತು.

ಇಷ್ಟೆಲ್ಲ ಆದಮೇಲೂ ಒಂದು ಟೆಸ್ಟ್ ಹಟ ಬಿಡಲಿಲ್ಲ. ಪಾವತಿಯ ನಡುವೆ ಬಾಬ್‌ನನ್ನು ನಿಲ್ಲಿಸಿ ಮತ್ತೆ ಶುರು ಮಾಡುವ ಟೆಸ್ಟ್. ಇದಕ್ಕೆ "ಫ್ಲೇಕಿ", ಅಂದರೆ ಕಾರಣವಿಲ್ಲದೆ ಆಗಾಗ ಬೀಳುವ ಟೆಸ್ಟ್, ಅಂತ ಹಣೆಪಟ್ಟಿ ಹಚ್ಚಿ ಯಾವ ಕಾಲವಾಯಿತೋ. ಇಂಥದ್ದರಲ್ಲಿ ನನ್ನ ಪದ್ಧತಿ ಒಂದೇ: ಬೀಳುವುದನ್ನು ನಿಲ್ಲಿಸುವ ಮೊದಲು ಪ್ರತಿ ಸಲವೂ ಬೀಳುವ ಹಾಗೆ ಮಾಡುವುದು. ಅನುಮಾನ ಇದ್ದ ಜಾಗಗಳಲ್ಲಿ ಬೇಕಂತಲೇ ತಡ ತುರುಕುತ್ತಾ ಹೋದೆ. ಒಂದು ಜಾಗದಲ್ಲಿ ಸಿಕ್ಕಿಬಿತ್ತು. ಬಾಬ್ ಕಡೆ ಓಡುವ ನಮ್ಮ ಕೋಡ್ ಕ್ಯಾರಲ್‌ಗೆ "ಹಳೆಯ ಸ್ಥಿತಿ ರದ್ದು" ಅಂತ ಕಳಿಸಿದ ಮೇಲೆ ಪ್ರಿಇಮೇಜ್ ಅನ್ನು ಡಿಸ್ಕ್‌ಗೆ ಬರೆಯುತ್ತಿತ್ತು. ಆ ಎರಡರ ನಡುವೆ ಬಾಬ್ ಬಿದ್ದರೆ ಪ್ರಿಇಮೇಜ್ ಮಾಯ. ಎದ್ದು ಬಂದಾಗ ಕ್ಯಾರಲ್ ಅದನ್ನು ಮತ್ತೆ ಕಳಿಸುವುದಿಲ್ಲ, ಅವಳ ಪಾಲಿಗೆ ಆ ಮಾತು ಮುಗಿದಿದೆ. ಆಲಿಸ್ ಹತ್ತಿರ ವಸೂಲು ಮಾಡಲು ಬಾಬ್ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅವಧಿ ಮುಗಿದರೆ ಆ ಹಣ ಅವನ ಜೇಬಿನಿಂದಲೇ ಹೋಯಿತು.

ಅಂದರೆ ಟೆಸ್ಟ್ ನಿಜವನ್ನೇ ಹೇಳುತ್ತಿತ್ತು. ಪ್ರತಿ ಸಲ ಮತ್ತೆ ಓಡಿಸಿ ಅದರ ಬಾಯಿ ಮುಚ್ಚಿಸುತ್ತಿದ್ದೆವು, ಅಷ್ಟೇ. ಮೊದಲು ಬರೆ, ಆಮೇಲೆ ಕಳಿಸು ಅಂತ ಕ್ರಮ ಬದಲಿಸಿದೆ. ತಡ ತುರುಕಿದರೂ ಈಗ ಪಾಸ್. ಆ ತಡವನ್ನು ಟೆಸ್ಟ್‌ನಲ್ಲೇ ಉಳಿಸಿಕೊಂಡಿದ್ದೇನೆ.

ಬಿದ್ದ ಟೆಸ್ಟನ್ನು ಸಿಐ ತಾನೇ ಮತ್ತೆ ಓಡಿಸುವ ಸೆಟ್ಟಿಂಗ್ ತೆಗೆಯೋಣ ಅಂತ ಸಂಜೆ ಪ್ರಸ್ತಾಪ ಹಾಕಿದೆ. ಬಿಡುಗಡೆ ಹತ್ತಿರ ಇದೆ, ಈಗ ಬೇಡ ಅಂತ ಇಬ್ಬರು ಬರೆದಿದ್ದಾರೆ. ಅವರ ಮಾತಲ್ಲೂ ಅರ್ಥ ಇಲ್ಲ ಅಂತಲ್ಲ. ಮತ್ತೆ ಓಡಿಸಿದ್ದನ್ನು ಹಸಿರು ಬದಲು ಹಳದಿಯಲ್ಲಿ ತೋರಿಸಿ, ಮೊದಲ ಸಲದ ಲಾಗ್ ಅಳಿಸದೆ ಇಡೋಣ ಅನ್ನುವಲ್ಲಿಗೆ ಸದ್ಯ ನಿಂತಿದೆ.

ಬಲವಂತವಾಗಿ ಚಾನೆಲ್ ಮುಚ್ಚುವ ಟೆಸ್ಟ್‌ಗಳಿಗೆ ಇನ್ನೂ ಕೈ ಹಾಕಿಲ್ಲ. ಅಲ್ಲಿ ನನ್ನ ಹೊಸ ಫಂಕ್ಷನ್ ಹಾಗೇ ನಡೆಯುವುದಿಲ್ಲ. ಒಂದು ಬ್ಲಾಕ್ ಜಾಸ್ತಿ ಆದರೂ ಅವಧಿ ಮುಗಿದು, ಬೇರೆಯೇ ವ್ಯವಹಾರ ಹೊರಬೀಳುತ್ತದೆ. ನಾಳೆ ಅದನ್ನೇ ನೋಡಬೇಕು.