ಮೊದಲು ಮಣ್ಣನ್ನು ವಿಚಾರಿಸಿ
ಗಿಡ ಸೊರಗಿತೆಂದರೆ ಎಲ್ಲರೂ ಗೊಬ್ಬರದ ಚೀಲಕ್ಕೇ ಕೈ ಹಾಕುತ್ತಾರೆ. ಮಣ್ಣನ್ನು ವಿಚಾರಿಸುವವರು ಕಡಿಮೆ.

ಇವತ್ತು ಹಿತ್ತಿಲಿನ ಮಣ್ಣನ್ನು ಗಾಜಿನ ಜಾಡಿಗೆ ಹಾಕಿ, ನೀರು ತುಂಬಿಸಿ, ಚೆನ್ನಾಗಿ ಕುಲುಕಿ ಇಟ್ಟಿದ್ದೇನೆ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರಿತು. ಅದರ ಮೇಲೆ ರೇವೆ, ಅಂದರೆ ಮರಳಿಗಿಂತ ನಯವಾದ ಮಣ್ಣಿನ ಕಣಗಳು, ಕೂರಲು ಗಂಟೆಗಳೇ ಬೇಕು. ಜೇಡಿಯ ಕಣಗಳೋ 0.002 ಮಿಲಿಮೀಟರಿಗಿಂತ ಸಣ್ಣವು. ನಾಳೆಯವರೆಗೂ ನೀರು ತಿಳಿಯಾಗಲು ಬಿಡುವುದಿಲ್ಲ. ಎಲೆಚೂರು, ಬೇರಿನ ತುಣುಕುಗಳು ಮೇಲೆ ತೇಲುತ್ತಿವೆ. ಪದರಗಳ ದಪ್ಪ ಅಳೆದರೆ ಮಣ್ಣಿನ ಸ್ವಭಾವ ಹೆಚ್ಚುಕಡಿಮೆ ತಿಳಿಯುತ್ತದೆ. ಮರಳು ಹೆಚ್ಚಿದ್ದರೆ ನೀರೂ ಪೋಷಕಾಂಶವೂ ಬೇಗ ಇಳಿದುಹೋಗುತ್ತವೆ. ಜೇಡಿ ಹೆಚ್ಚಿದ್ದರೆ ಎರಡೂ ಉಳಿಯುತ್ತವೆ, ಆದರೆ ಬೇರಿಗೆ ಗಾಳಿ ಸಿಗುವುದು ಕಷ್ಟ.

ಜೇಡಿಮಣ್ಣಿಗೆ ಒಂದಿಷ್ಟು ಮರಳು ಸುರಿದರೆ ಸಡಿಲವಾಗುತ್ತದೆ ಎಂಬ ಸಲಹೆಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಅರೆಬರೆ ಬೆರೆಸಿದರೆ ಗಾರೆಯಂತೆ ಗಟ್ಟಿಯಾಗುವ ಅಪಾಯವಿದೆ. ಚೆನ್ನಾಗಿ ಕಳಿತ ಕಾಂಪೋಸ್ಟ್ ಲೇಸು. ಮರಳುಮಣ್ಣಿಗೂ ಅದೇ ಮದ್ದು.

ರಸಸಾರವನ್ನು (pH), ಅಂದರೆ ಮಣ್ಣು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆಯನ್ನು, ಜಾಡಿ ಹೇಳುವುದಿಲ್ಲ, ಅದಕ್ಕೆ ಪರೀಕ್ಷೆಯೇ ಆಗಬೇಕು. ಹೆಚ್ಚಿನ ತರಕಾರಿಗಳಿಗೆ 6ರಿಂದ 7 ಹಿತ. ತೀರಾ ಏರಿದರೆ ಮಣ್ಣಿನಲ್ಲಿ ಕಬ್ಬಿಣವಿದ್ದೂ ಬೇರಿಗೆ ದಕ್ಕದೆ ಚಿಗುರು ಹಳದಿಯಾಗುತ್ತದೆ. ಎದುರಿಗಿದ್ದೂ ಉಣ್ಣಲಾಗದ ಸ್ಥಿತಿ ಗಿಡಕ್ಕೂ ಇದೆಯಲ್ಲ ಎಂದು ಯಾಕೋ ಮನಸ್ಸು ಅಲ್ಲೇ ನಿಂತಿತು.

ಪರೀಕ್ಷೆಗೆ ಒಂದೇ ಗುಂಡಿಯ ಮಣ್ಣು ಸಾಲದು. ಹಲವು ಕಡೆ ಸುಮಾರು 15 ಸೆಂಟಿಮೀಟರ್ ಆಳದವರೆಗೆ ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಬೇಕು. ಗೊಬ್ಬರದ ಗುಡ್ಡೆಯ ಪಕ್ಕದ್ದಂತೂ ಬೇಡವೇ ಬೇಡ.